ಮಿಜೋರಾಂ ಪ್ರೆಸ್ಬಿಟೇರಿಯನ್ ಚರ್ಚು ನಿಜವಾಗ್ಲೂ ಹಿಡಿ ಅಕ್ಕಿಯಿಂದಾನೇ ನಡೆಯುತ್ತಾ?

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ, ನನ್ನ ರೂಮ್‌ಮೇಟ್ ಐಜಾಲ್ ಕಡೆಯವಳು. ಅವರಮ್ಮ ದಿನಾ ಅನ್ನಕ್ಕಿಡೋ ಮುಂಚೆ ಒಂದು ಹಿಡಿ ಅಕ್ಕಿ ಚರ್ಚಿಗೆ ಅಂತ ಎತ್ತಿಡ್ತಾರಂತೆ, ಅದರಿಂದಾನೇ ಅವರ ಚರ್ಚು ನಡೆಯುತ್ತೆ ಅಂತಾಳೆ. ಇದು ನಿಜಾನಾ? ಅದು ಪ್ರೆಸ್ಬಿಟೇರಿಯನ್ ಅಂತೆ, ನಮ್ಮ ಕಡೆಯ ಸಿಎಸ್ಐಗೂ (ಚರ್ಚ್ ಆಫ್ ಸೌತ್ ಇಂಡಿಯಾ) ಅದಕ್ಕೂ ಏನು ವ್ಯತ್ಯಾಸ? ಯಾರು ಶುರು ಮಾಡಿದ್ದು? ನಮ್ಮ ಆಫೀಸಲ್ಲೊಬ್ಬರು "ಬ್ರಿಟಿಷರು ದುಡ್ಡು ಕೊಟ್ಟು ಇಡೀ ರಾಜ್ಯನೇ ಮತಾಂತರ ಮಾಡಿದ್ರು" ಅಂದ್ರು, ಅದು ಸರೀನಾ? ಅವಳು ಭಾನುವಾರ ಪ್ರಾರ್ಥನೆಗೆ ಕರೀತಿದಾಳೆ, ನಾನು ಕ್ರಿಶ್ಚಿಯನ್ ಅಲ್ಲ, ಹೋಗಬಹುದಾ?

ಉತ್ತರ:

ಅಕ್ಕಿ ವಿಷಯ ನಿಜ. ಬರೀ ಅಕ್ಕಿಯಿಂದಾನೇ ಎಲ್ಲಾ ನಡೆಯಲ್ಲ, ದಶಾಂಶ ಕಾಣಿಕೆ ಅಂತ ಸಂಬಳದ ಹತ್ತರಲ್ಲೊಂದು ಪಾಲು ಕೊಡೋರೂ ಬೇಕಾದಷ್ಟು ಜನ ಇದಾರೆ, ಆದ್ರೆ ಅಕ್ಕಿದು ಸಣ್ಣ ಲೆಕ್ಕ ಅಲ್ಲ, ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತೆ. ಅಲ್ಲಿ ಇದನ್ನ ಬುಹ್ಫಾಯ್ ಥಾಮ್ ಅಂತಾರೆ. ನಿಮ್ಮ ಆಫೀಸಿನವರು ಕೇಳಿದ ಪ್ರಶ್ನೆಗೂ ಉತ್ತರ ಒಂದು ಮಟ್ಟಿಗೆ ಈ ಅಕ್ಕಿ ಡಬ್ಬಿಯಲ್ಲೇ ಇದೆ, ಅದಕ್ಕೇ ಅಲ್ಲಿಂದಾನೇ ಶುರು ಮಾಡ್ತೀನಿ.

ಮಿಜೋ ಮನೇಲಿ ದಿನಕ್ಕೆ ಎರಡು ಹೊತ್ತು ಅನ್ನದ ಊಟ, ಬೆಳಗ್ಗೆ ಒಂಬತ್ತರ ಸುಮಾರಿಗೆ ಒಂದು, ಸಂಜೆ ಕತ್ತಲಾಗ್ತಿದ್ದಂಗೆ ಇನ್ನೊಂದು. ಪಾತ್ರೆಗೆ ಅಕ್ಕಿ ಅಳೆದು ಹಾಕ್ಕೊಂಡ ಮೇಲೆ, ತೊಳೆಯೋಕೆ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಪಕ್ಕದಲ್ಲಿರೋ ಡಬ್ಬಿಗೆ ಹಾಕ್ತಾರೆ. ಗಮನಿಸಿ, ಮೂಟೆಯಿಂದ ಅಲ್ಲ, ಊಟಕ್ಕೆ ಅಂತ ಅಳೆದಿದ್ದರಿಂದ. ಅಂದ್ರೆ ಆ ಹೊತ್ತಿನ ಊಟದಲ್ಲೇ ಅಷ್ಟು ಕಮ್ಮಿ ಆಯ್ತು ಅಂತ ಅರ್ಥ, ಆದ್ರೆ ಯಾರ ಹೊಟ್ಟೆಗೂ ಗೊತ್ತಾಗಲ್ಲ. ವಾರಕ್ಕೊಂದ್ಸಲ ಚರ್ಚಿನ ಹೆಂಗಸರ ಸಂಘದವರು ಮನೆಮನೆಗೆ ಬಂದು ಡಬ್ಬಿ ಖಾಲಿ ಮಾಡ್ಕೊಂಡು ಹೋಗ್ತಾರೆ, ತೂಕ ಹಾಕ್ತಾರೆ, ಬರ್ಕೋತಾರೆ, ಆಮೇಲೆ ಮಾರ್ತಾರೆ. ಹತ್ತಾರು ಮನೆ ಅಕ್ಕಿ ಸೇರಿದ ಮೇಲೆ ದಪ್ಪಕ್ಕಿ ಸಣ್ಣಕ್ಕಿ ಎಲ್ಲಾ ಬೆರಕೆ ಆಗಿರುತ್ತೆ, ಆದ್ರೂ ತಗೊಳ್ಳೋರು ಇರ್ತಾರೆ, ಎಷ್ಟೋ ಸಲ ಕೊಟ್ಟ ಮನೆಯವರೇ ದುಡ್ಡು ಕೊಟ್ಟು ವಾಪಸ್ ಕೊಂಡ್ಕೋತಾರೆ. ಆ ದುಡ್ಡು ಸಿನೊಡ್‌ಗೆ, ಅಂದ್ರೆ ಊರೂರಿನ ಚರ್ಚುಗಳ ಮೇಲಿರೋ ದೊಡ್ಡ ಆಡಳಿತ ಸಭೆಗೆ, ಹೋಗುತ್ತೆ. ಶುರುವಾಗಿದ್ದು 1910ರಲ್ಲಿ. ಊರೂರು ತಿರುಗಿ ಹೆಂಗಸರಿಗೆ ಓದು, ಬೈಬಲ್ ಹೇಳಿಕೊಡೋ ಮಹಿಳೆಯರಿಗೆ ಸಂಬಳ ಕೊಡೋಕೆ ದುಡ್ಡು ಬೇಕಿತ್ತು, ಬೆಟ್ಟದ ಹಳ್ಳೀಲಿ ನಗದು ಯಾರ ಕೈಲೂ ಓಡಾಡ್ತಿರಲಿಲ್ಲ, ಇದ್ದಿದ್ದು ಅಕ್ಕಿ ಒಂದೇ, ಅದೂ ಅಡುಗೆ ಮನೆಯಲ್ಲಿ, ಅಂದ್ರೆ ಹೆಂಗಸರ ಕೈಯಲ್ಲಿ. ನಮ್ಮ ಕಡೆ ಮಠಗಳಿಗೆ ಮುಷ್ಟಿ ಅಕ್ಕಿ ಎತ್ತಿಡೋದು ಗೊತ್ತಿರೋರಿಗೆ ಇದೇನೂ ವಿಚಿತ್ರ ಅನ್ನಿಸಲ್ಲ. ವ್ಯತ್ಯಾಸ ಇಷ್ಟೇ, ಅವರು ನೂರು ವರ್ಷ ದಾಟಿದ್ರೂ ಬಿಟ್ಟಿಲ್ಲ, ಹಳ್ಳಿ ಪಟ್ಟಣ ಅನ್ನದೆ ಇವತ್ತಿಗೂ ನಡೀತಿದೆ, ಅದರ ಲೆಕ್ಕಪತ್ರ ಸಿನೊಡ್ ತನಕ ಪಕ್ಕಾ ಇದೆ.

ಈಗ ಯಾರು ಶುರು ಮಾಡಿದ್ದು ಅನ್ನೋದಕ್ಕೆ ಬರೋಣ. ಇದಕ್ಕೆ ಒಂದು ಹೆಸರು ಹೇಳಿ ಮುಗಿಸೋಕಾಗಲ್ಲ, ಮೂರ್ನಾಲ್ಕು ಜನ ಬೇರೆ ಬೇರೆ ಸಂಸ್ಥೆಯಿಂದ ಬಂದ್ರು, ಒಬ್ಬರು ಬಿಟ್ಟಿದ್ದನ್ನ ಇನ್ನೊಬ್ಬರು ಹಿಡ್ಕೊಂಡ್ರು.

ಮೊದಲು ಖಾಸಿ ಬೆಟ್ಟ ಗೊತ್ತಿರಬೇಕು, ಈಗಿನ ಮೇಘಾಲಯ. ವೇಲ್ಸ್ ದೇಶದ ಥಾಮಸ್ ಜೋನ್ಸ್ ಅನ್ನೋರು 1841ರ ಜೂನ್ 22ಕ್ಕೆ ಚೆರ್ರಾಪುಂಜಿಗೆ ಬಂದಿಳಿದ್ರು. ವೆಲ್ಷ್ ಕ್ಯಾಲ್ವಿನಿಸ್ಟಿಕ್ ಮೆಥಡಿಸ್ಟ್ ಅಂತ ಅವರ ಸಭೆ ಹೆಸರು, ಹೆಸರಲ್ಲಿ ಮೆಥಡಿಸ್ಟ್ ಅಂತಿದ್ರೂ ವ್ಯವಸ್ಥೆ ಪ್ರೆಸ್ಬಿಟೇರಿಯನ್ನೇ, ಆಮೇಲೆ ಅವರೂ ಪ್ರೆಸ್ಬಿಟೇರಿಯನ್ ಚರ್ಚ್ ಆಫ್ ವೇಲ್ಸ್ ಅಂತಲೇ ಕರ್ಕೊಂಡ್ರು. ಖಾಸಿ ಭಾಷೆಗೆ ರೋಮನ್ ಅಕ್ಷರ ಕೂರಿಸಿದ್ದು ಈ ಜೋನ್ಸ್. ಅರ್ಧ ಶತಮಾನದಲ್ಲಿ ಅಲ್ಲಿ ಚರ್ಚು ಬೇರು ಬಿಟ್ಟಿತ್ತು, ಖಾಸಿಗಳೇ ಬೋಧಕರಾಗಿದ್ರು. ಮಿಜೋರಾಂ ಚರ್ಚಿಗೆ ತಾಯಿಮನೆ ಅಂದ್ರೆ ವೇಲ್ಸ್‌ಗಿಂತ ಹೆಚ್ಚಾಗಿ ಈ ಖಾಸಿ ಬೆಟ್ಟಾನೇ ಅಂತ ನನ್ನ ಅಭಿಪ್ರಾಯ.

ಮಿಜೋರಾಂಗೆ ಆಗ ಲುಶಾಯ್ ಹಿಲ್ಸ್ ಅಂತಿದ್ರು. ಊರೂರಿಗೊಬ್ಬ ಲಾಲ್, ಅಂದ್ರೆ ಪಾಳೇಗಾರ. ಬ್ರಿಟಿಷರ ಟೀ ತೋಟಗಳು ಬೆಟ್ಟದ ಬುಡಕ್ಕೆ ಬಂದಾಗ ಇವರು ಇಳಿದು ಬಂದು ದಾಳಿ ಮಾಡೋರು. 1871ರಲ್ಲಿ ಒಂದು ತೋಟದ ಮೇಲೆ ಬಿದ್ದು ವಿಂಚೆಸ್ಟರ್ ಅನ್ನೋರನ್ನ ಕೊಂದು ಅವರ ಪುಟ್ಟ ಮಗಳು ಮೇರಿನ ಎತ್ಕೊಂಡು ಹೋದ್ರು, ಅದರ ಹಿಂದೇನೇ ಸೈನ್ಯ ಬಂತು, ಆಮೇಲೆ 1889-90ರ ಎರಡನೇ ದಂಡಯಾತ್ರೆಯಲ್ಲಿ ಬೆಟ್ಟ ಪೂರ್ತಿ ಬ್ರಿಟಿಷರ ಕೈಗೆ ಹೋಯ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಮಿಷನರಿ ಒಳಗೆ ಬಂದಿದ್ದು ಬಂದೂಕು ಹಾಕಿಕೊಟ್ಟ ದಾರೀಲೇ. ಚರ್ಚಿನ ಇತಿಹಾಸ ಬರೆಯೋರು ಒಮ್ಮೊಮ್ಮೆ ಇದನ್ನ ಜಾರಿಸಿಬಿಡ್ತಾರೆ, ಅದು ಸರಿಯಲ್ಲ.

ಖಾಸಿ ಬೆಟ್ಟದಲ್ಲಿದ್ದ ವಿಲಿಯಂ ವಿಲಿಯಮ್ಸ್ ಅನ್ನೋ ವೆಲ್ಷ್ ಮಿಷನರಿ ಸಿಲ್ಹೆಟ್ ಜೈಲಲ್ಲಿ ಲುಶಾಯ್ ಕೈದಿಗಳನ್ನ ನೋಡಿದ್ರು, ಕುತೂಹಲಕ್ಕೆ 1891ರಲ್ಲಿ ಲುಶಾಯ್ ಬೆಟ್ಟಕ್ಕೇ ಹೋಗಿ ಬಂದ್ರು, ಇಲ್ಲಿ ಕೆಲಸ ಶುರು ಮಾಡಬೇಕು ಅಂತ ವೇಲ್ಸ್‌ಗೆ ಬರೆದ್ರು, ಆದ್ರೆ ಮರುವರ್ಷವೇ ಟೈಫಾಯ್ಡ್ ಆಗಿ ತೀರ್ಕೊಂಡ್ರು. ಅವರ ಸಭೆಯವರು ಬರೋ ಅಷ್ಟರಲ್ಲಿ ಬೇರೆ ಇಬ್ಬರು ಬಂದುಬಿಟ್ಟಿದ್ರು. ಲೀಡ್ಸ್ ಊರಲ್ಲಿ ರಾಬರ್ಟ್ ಆರ್ತಿಂಗ್ಟನ್ ಅಂತ ಭಾರೀ ಶ್ರೀಮಂತ, ತನಗೆ ಮಾತ್ರ ಒಂದು ಕಾಸು ಖರ್ಚು ಮಾಡ್ಕೊಳ್ಳದ ಜಿಪುಣ, ಆಸ್ತಿಯೆಲ್ಲಾ ಮಿಷನ್ ಕೆಲಸಕ್ಕೆ ಸುರೀತಿದ್ದ. ಅವನ ದುಡ್ಡಲ್ಲಿ ಜೆ.ಎಚ್. ಲೊರೇನ್, ಎಫ್.ಡಬ್ಲ್ಯು. ಸ್ಯಾವಿಜ್ ಅನ್ನೋ ಇಬ್ಬರು ಹುಡುಗರು ದೋಣಿ ಹತ್ತಿ ತ್ಲಾಂಗ್ ನದೀಲಿ ಮೇಲಕ್ಕೆ ಬಂದು 1894ರ ಜನವರಿ 11ಕ್ಕೆ ಸಾಯ್‌ರಾಂಗ್ ತಲುಪಿದ್ರು. ಜನವರಿ 11 ಇವತ್ತಿಗೂ ಮಿಜೋರಾಂನಲ್ಲಿ ಸರ್ಕಾರಿ ರಜೆ.

ಇವರಿದ್ದಿದ್ದು ನಾಲ್ಕೇ ವರ್ಷ. ಅಷ್ಟರಲ್ಲಿ ಭಾಷೆ ಕಲಿತ್ರು, ರೋಮನ್ ಅಕ್ಷರಮಾಲೆ ಹೊಂದಿಸಿದ್ರು, 1894ರ ಏಪ್ರಿಲ್ 1ಕ್ಕೆ ಶಾಲೆ ತೆಗೆದ್ರು, ಇಬ್ಬರೇ ವಿದ್ಯಾರ್ಥಿಗಳು, ಸುವಾಕ ಮತ್ತೆ ಥಾಂಗ್‌ಫುಂಗ. ಬೈಬಲ್ಲಿನ ಲೂಕ, ಯೋಹಾನ ಸುವಾರ್ತೆಗಳು, ಅಪೊಸ್ತಲರ ಕೃತ್ಯಗಳು ಅನುವಾದ ಆಯ್ತು, ವ್ಯಾಕರಣ-ನಿಘಂಟು ತಯಾರಾಗಿ 1898ರಲ್ಲಿ ಅಚ್ಚಾಯ್ತು. ನಮ್ಮ ಕಿಟೆಲ್ ಮಾಡಿದ ಕೆಲಸದ ಜಾತಿಗೆ ಸೇರಿದ್ದೇ, ಆದ್ರೆ ಕಿಟೆಲ್ ಮುಂದೆ ಸಾವಿರ ವರ್ಷದ ಸಾಹಿತ್ಯ ಇತ್ತು, ಇವರ ಮುಂದೆ ಬರೀ ಬಾಯಿಮಾತು. ಇಷ್ಟೆಲ್ಲಾ ಮಾಡಿದ್ರಲ್ಲ, ನಾಲ್ಕು ವರ್ಷದಲ್ಲಿ ಎಷ್ಟು ಜನ ದೀಕ್ಷಾಸ್ನಾನ ತಗೊಂಡ್ರು ಅಂದ್ರೆ, ಒಬ್ಬರೂ ಇಲ್ಲ.

ವೆಲ್ಷ್ ಸಭೆಯ ಡಿ.ಇ. ಜೋನ್ಸ್ 1897ರ ಆಗಸ್ಟ್ 31ಕ್ಕೆ ಬಂದ್ರು, ಜೊತೇಲಿ ರಾಯ್ ಭಜುರ್ ಅನ್ನೋ ಖಾಸಿ ಬೋಧಕರು. ವರ್ಷದ ಕೊನೆಗೆ ಲೊರೇನ್ ಮತ್ತೆ ಸ್ಯಾವಿಜ್ ಜಾಗ ಖಾಲಿ ಮಾಡಿದ್ರು. ಮುಂದಿನ ವರ್ಷ ಎಡ್ವಿನ್ ರೋಲಂಡ್ಸ್ ಬಂದ್ರು. ಮಿಜೋಗಳು ಜೋನ್ಸ್‌ಗೆ ಹಳೇ ಸಾಹೇಬ್ರು, ರೋಲಂಡ್ಸ್‌ಗೆ ಹೊಸ ಸಾಹೇಬ್ರು ಅನ್ನೋ ಅರ್ಥದ ಹೆಸರಿಟ್ರು, ಜೋಸಾಪ್‌ಲುಇಯ, ಜೋಸಾಪ್‌ಥಾರ ಅಂತ. 1899ರ ಜುಲೈ 25ಕ್ಕೆ ಖೂಮ, ಖಾರ ಅನ್ನೋ ಇಬ್ಬರಿಗೆ ಮೊದಲ ದೀಕ್ಷಾಸ್ನಾನ. ಚರ್ಚಿಗೆ ಹುಟ್ಟಿದ ದಿನ ಅಂತ ಒಂದು ಹಾಕಲೇಬೇಕು ಅಂದ್ರೆ ನಾನು ಇದನ್ನೇ ಹಾಕ್ತೀನಿ, ದೋಣಿ ಬಂದ ದಿನ ಅಲ್ಲ. 1903ರಲ್ಲಿ ಲೊರೇನ್, ಸ್ಯಾವಿಜ್ ಬ್ಯಾಪ್ಟಿಸ್ಟ್ ಮಿಷನರಿಗಳಾಗಿ ಬೆಟ್ಟದ ದಕ್ಷಿಣಕ್ಕೆ ವಾಪಸ್ ಬಂದ್ರು, ಅದಕ್ಕೇ ಇವತ್ತಿಗೂ ಲುಂಗ್ಲೇ ಕಡೆ ಬ್ಯಾಪ್ಟಿಸ್ಟ್, ಐಜಾಲ್ ಕಡೆ ಪ್ರೆಸ್ಬಿಟೇರಿಯನ್.

ಈಗ ಬೆಳೆದಿದ್ದು ಹೇಗೆ. 1901ರ ಜನಗಣತೀಲಿ ಆ ಜಿಲ್ಲೆಯ ಜನಸಂಖ್ಯೆ 82 ಸಾವಿರ ಚಿಲ್ಲರೆ, ಅದರಲ್ಲಿ ಕ್ರೈಸ್ತರು 45. 1911ಕ್ಕೆ ಸುಮಾರು ಎರಡೂವರೆ ಸಾವಿರ. 1921ಕ್ಕೆ ಇಪ್ಪತ್ತೇಳು ಸಾವಿರ ದಾಟಿತ್ತು. 1951ಕ್ಕೆ ನೂರಕ್ಕೆ ಎಂಬತ್ತು. ಅಂದ್ರೆ ಬ್ರಿಟಿಷರು ಬಂದ ಹೊಸತರಲ್ಲಿ ಆಗಿದ್ದಲ್ಲ, ದೊಡ್ಡ ನೆಗೆತ ಆಗಿದ್ದು 1911ರಿಂದ ಈಚೆಗೆ. ಆ ಹೊತ್ತಿಗೆ ಅಷ್ಟು ದೊಡ್ಡ ಬೆಟ್ಟ ಸೀಮೆಗೆ ಬಿಳಿ ಮಿಷನರಿಗಳು ಬೆರಳೆಣಿಕೆ ಮಂದಿ. ಹಾಗಾದ್ರೆ ಊರೂರಿಗೆ ಹೋದೋರು ಯಾರು? ಮಿಜೋಗಳೇ. ಶಾಲೆ ಓದಿದ ಹುಡುಗರು, ಅಕ್ಷರ ಬಂದ ಹೆಂಗಸರು.

ಜನ ಯಾಕೆ ಕೇಳಿಸ್ಕೊಂಡ್ರು ಅನ್ನೋದಕ್ಕೆ ಹಲವು ಕಾರಣ ಇದೆ, ನನಗೆ ಮುಖ್ಯ ಅನ್ನಿಸಿದ್ದು ಹೇಳ್ತೀನಿ. ಮೊದಮೊದಲು ಮಿಷನರಿಗಳು ಪಾಪ, ಪಶ್ಚಾತ್ತಾಪ ಅಂತ ಬೋಧನೆ ಮಾಡ್ತಿದ್ರೆ ಯಾರಿಗೂ ತಟ್ಟಲೇ ಇಲ್ಲ, ನಾವೇನು ಪಾಪ ಮಾಡಿದೀವಿ ಅನ್ನೋ ಭಾವ. ಮಿಜೋಗಳ ಭಯ ಬೇರೆ ಇತ್ತು, ಹುವಾಯ್ ಅನ್ನೋ ದುಷ್ಟಶಕ್ತಿಗಳದ್ದು. ಕಾಯಿಲೆ ಬಿದ್ರೆ ಅದು ಹುವಾಯ್ ಕಾಟ, ಪೂಜಾರಿ ಹೇಳಿದಂಗೆ ಕೋಳಿ, ಹಂದಿ ಬಲಿ ಕೊಡಬೇಕು, ಬಡವನ ಮನೇಲಿ ಕಾಯಿಲೆಗಿಂತ ಬಲಿ ಖರ್ಚೇ ಜಾಸ್ತಿ. ಯೇಸು ಅಂದ್ರೆ ಈ ಶಕ್ತಿಗಳನ್ನೆಲ್ಲಾ ಸೋಲಿಸಿದವನು ಅಂತ ಹೇಳೋಕೆ ಶುರು ಮಾಡಿದ ಮೇಲೆ ಜನ ಕಿವಿ ಕೊಟ್ರು, ಜೊತೆಗೆ ಔಷಧಿನೂ ಸಿಕ್ತಿತ್ತು.

ಇನ್ನೊಂದು ಪರಲೋಕದ ವಿಷಯ, ಇದು ನನಗೆ ತುಂಬಾ ಇಷ್ಟವಾದ ಭಾಗ. ಹಳೇ ಮಿಜೋ ನಂಬಿಕೇಲಿ ಸತ್ತ ಮೇಲೆ ಎರಡು ಜಾಗ. ಸಾಮಾನ್ಯರಿಗೆಲ್ಲಾ ಮಿಥಿ ಖುವಾ, ಸತ್ತವರ ಊರು, ಅಲ್ಲೂ ಇಲ್ಲಿನ ಹಾಗೇ ಕಷ್ಟ. ಸುಖದ ಜಾಗ ಪಿಯಾಲ್‌ರಾಲ್, ನದಿ ಆಚೆ ಕಡೆ, ಅಲ್ಲಿಗೆ ಹೋದೋರಿಗೆ ಕುಟ್ಟಿ ಹಸನು ಮಾಡಿದ ಅಕ್ಕಿ ತಾನಾಗೇ ಸಿಗುತ್ತೆ, ದುಡಿಯಂಗಿಲ್ಲ. ಬೆಳಗಿನ ಜಾವ ಎದ್ದು ಭತ್ತ ಕುಟ್ಟೋರಿಗೆ ಇದಕ್ಕಿಂತ ಸ್ವರ್ಗ ಬೇಕಾ? ಆದ್ರೆ ಅಲ್ಲಿಗೆ ಹೋಗಬೇಕಂದ್ರೆ ಇಂತಿಂಥ ಕಾಡುಪ್ರಾಣಿಗಳನ್ನೆಲ್ಲಾ ಬೇಟೆಯಾಡಿರಬೇಕು, ಇಲ್ಲಾ ಊರಿಗೆಲ್ಲಾ ಸರಣಿ ಔತಣ ಹಾಕಿರಬೇಕು, ಅಂಥವರಿಗೆ ಥಾಂಗ್‌ಛುವಾ ಅಂತ ಪದವಿ. ಅಂದ್ರೆ ದುಡ್ಡಿರೋರಿಗೆ, ಬೇಟೆಗಾರರಿಗೆ ಮಾತ್ರ ಸ್ವರ್ಗ. ಹೊಸ ಧರ್ಮ ಬಂದು ಯಾರು ಬೇಕಾದ್ರೂ ಹೋಗಬಹುದು, ವಿಧವೆನೂ ಹೋಗಬಹುದು, ಜೀತದಾಳೂ ಹೋಗಬಹುದು ಅಂದಾಗ ಅದರ ತೂಕ ಎಷ್ಟು ಅಂತ ಯೋಚ್ನೆ ಮಾಡಿ.

1904ರಲ್ಲಿ ವೇಲ್ಸ್‌ನಲ್ಲಿ ಒಂದು ಧಾರ್ಮಿಕ ಅಲೆ ಎದ್ದಿತ್ತು, ರಿವೈವಲ್ ಅಂತಾರೆ, ಅದು ಖಾಸಿ ಬೆಟ್ಟಕ್ಕೆ ಬಂತು, 1906ರಲ್ಲಿ ಮಿಜೋಗಳ ಒಂದು ಸಣ್ಣ ತಂಡ ಅದನ್ನ ನೋಡೋಕೆ ದಿನಗಟ್ಟಲೆ ನಡ್ಕೊಂಡು ಮೈರಾಂಗ್ ಅನ್ನೋ ಊರಿಗೆ ಹೋಗಿ ಬಂತು, ಬಂದ ಮೇಲೆ ಏಪ್ರಿಲ್‌ನಲ್ಲಿ ಐಜಾಲ್‌ನಲ್ಲೂ ಶುರುವಾಯ್ತು. ಅದಕ್ಕೆ ಎದುರಾಗಿ ಹಳೇ ನಂಬಿಕೆಯವರೂ ಸುಮ್ನಿರಲಿಲ್ಲ, 1908ರ ಸುಮಾರಿಗೆ ಪೂಮ ಝಾಯ್ ಅನ್ನೋ ಹಾಡು-ಕುಣಿತದ ಚಳವಳಿ ಊರಿಂದೂರಿಗೆ ಕಾಳ್ಗಿಚ್ಚಿನಂಗೆ ಹಬ್ಬಿತು, ಲಾಲ್‌ಗಳು ಅದಕ್ಕೆ ಬೆಂಬಲ ಕೊಟ್ರು, ಕ್ರೈಸ್ತರಾದವರನ್ನ ಗೇಲಿ ಮಾಡಿದ್ರು, ಕೆಲವು ಕಡೆ ಊರಿಂದಾನೇ ಓಡಿಸಿದ್ರು. ಆಮೇಲೆ 1911-12ರಲ್ಲಿ ಮಾವುತಾಮ್ ಬಂತು. ಅಲ್ಲಿನ ಬಿದಿರು ಸುಮಾರು 48 ವರ್ಷಕ್ಕೊಂದ್ಸಲ ಒಟ್ಟಿಗೇ ಹೂ ಬಿಡುತ್ತೆ, ಅದರ ಕಾಯಿ ತಿಂದು ಇಲಿ ವಿಪರೀತ ಹೆಚ್ಚುತ್ತೆ, ಕಾಯಿ ಮುಗಿದ ಮೇಲೆ ಗದ್ದೆಗೆ ನುಗ್ಗುತ್ತೆ, ರಾತ್ರೋರಾತ್ರಿ ಬೆಳೆ ಹೋಗುತ್ತೆ. ಆ ಬರಗಾಲದಲ್ಲಿ ಮಿಷನ್‌ನವರು, ಸ್ಥಳೀಯ ಕ್ರೈಸ್ತರು ಕೈಲಾದಷ್ಟು ಅನ್ನ ಹಾಕಿದ್ರು. 1913, 1919ರಲ್ಲಿ ಮತ್ತೆ ರಿವೈವಲ್. 1911ರಿಂದ 21ರ ನಡುವಿನ ನೆಗೆತಕ್ಕೆ ಇದೆಲ್ಲಾ ಸೇರಿ ಕಾರಣ.

1919ರದ್ದು ಮುಖ್ಯ, ಯಾಕಂದ್ರೆ ಅಲ್ಲೀವರೆಗೆ ಚರ್ಚಲ್ಲಿ ವೆಲ್ಷ್ ಧಾಟಿಯ ಕೀರ್ತನೆ ಅಷ್ಟೇ, ಮಿಜೋ ಡೋಲು ಖುವಾಂಗ್‌ಗೆ ಒಳಗೆ ಪ್ರವೇಶ ಇರಲಿಲ್ಲ, ಅದು ಹೆಂಡ ಕುಡಿದು ಕುಣಿಯೋ ಹಬ್ಬದ್ದು ಅಂತ. ಈ ಅಲೆ ಆದ್ಮೇಲೆ ಡೋಲು ಒಳಗೆ ಬಂತು, ಮಿಜೋ ಕವಿಗಳು ತಮ್ಮದೇ ಹಾಡು ಕಟ್ಟಿದ್ರು, ಲೆಂಗ್‌ಖಾಮ್ ಝಾಯ್ ಅಂತ ನಿಧಾನಗತಿಯ, ಎಲ್ಲರೂ ಒಟ್ಟಿಗೆ ಹಾಡೋ ಶೈಲಿ ಹುಟ್ಟಿತು, ಹಾಡ್ತಾ ಹಾಡ್ತಾ ಎದ್ದು ಕುಣಿಯೋದೂ ಬಂತು. ಮಿಷನರಿಗಳಿಗೆ ಇದು ಅಷ್ಟೇನೂ ಹಿಡಿಸಲಿಲ್ಲ, ಆದ್ರೆ ಆ ಹೊತ್ತಿಗೆ ಚರ್ಚು ಅವರ ಕೈಲಿರಲಿಲ್ಲ.

ಹಾಗಂತ ಎಲ್ಲಾ ಚೆನ್ನಾಗೇ ಆಯ್ತು ಅಂತಿಲ್ಲ. ಝೂ ಅನ್ನೋ ಅಕ್ಕಿ ಹೆಂಡ ಬಿಡಿಸಿದ್ರು, ಸರಿ ಅನ್ನಿ. ಆದ್ರೆ ಹೆಂಡದ ಜೊತೆ ಎಷ್ಟೋ ಹಳೇ ಹಾಡು, ಹಬ್ಬನೂ ಹೋಯ್ತು, ಯುವಕರೆಲ್ಲಾ ಒಟ್ಟಿಗೆ ಮಲಗಿ ಕಲೀತಿದ್ದ ಝಾಲ್‌ಬೂಕ್ ಅನ್ನೋ ಮನೆಗಳೂ ಕ್ರಮೇಣ ಮುಚ್ಚಿದ್ವು. ಸರ್ಕಾರ ಮತ್ತೆ ಮಿಷನ್ ಯಾವಾಗ್ಲೂ ಒಂದೇ ಕೈ ಆಗಿದ್ವು ಅನ್ನೋದೂ ತಪ್ಪು. 1908ರ ಕೊನೆಗೆ ಬಂದ ಡಾಕ್ಟರ್ ಪೀಟರ್ ಫ್ರೇಸರ್, ಲಾಲ್‌ಗಳ ಮನೇಲಿದ್ದ ಬೋಯ್ ಪದ್ಧತಿ ಅಂದ್ರೆ ಜೀತಾನೇ, ಬ್ರಿಟಿಷ್ ಸರ್ಕಾರ ಇದನ್ನ ಹೇಗೆ ಇಟ್ಕೊಂಡಿದೆ ಅಂತ ಜಗಳಕ್ಕೆ ನಿಂತ್ರು. ಸರ್ಕಾರಕ್ಕೆ ಲಾಲ್‌ಗಳ ಸ್ನೇಹ ಬೇಕಿತ್ತು. ಕೊನೆಗೆ ಬೆಟ್ಟ ಬಿಟ್ಟು ಹೋಗಬೇಕಾಗಿ ಬಂದಿದ್ದು ಫ್ರೇಸರ್‌ಗೇ.

ನಿಮ್ಮ ಆಫೀಸಿನವರ ಮಾತಿಗೆ ಈಗ ಉತ್ತರ ಹೇಳಬಹುದು. ಸಾಮ್ರಾಜ್ಯ ಇಲ್ಲದಿದ್ರೆ ಮಿಷನರಿ ಬರ್ತಿರಲಿಲ್ಲ, ಅದು ಸತ್ಯ. ಓದಿದವರಿಗೆ ಗುಮಾಸ್ತೆ, ಮೇಷ್ಟ್ರು ಕೆಲಸ ಸಿಗ್ತಿತ್ತು, ಓದು ಅಂದ್ರೆ ಮಿಷನ್ ಶಾಲೆನೇ, ಅದೂ ಸತ್ಯ. ಆದ್ರೆ ದುಡ್ಡು ಕೊಟ್ರು ಅನ್ನೋದು ಲೆಕ್ಕಕ್ಕೆ ಕೂರಲ್ಲ, ಯಾಕಂದ್ರೆ ದುಡ್ಡು ಹರಿದಿದ್ದು ಉಲ್ಟಾ ದಿಕ್ಕಿಗೆ, ಜನರ ಅಡುಗೆ ಮನೆಯಿಂದ ಚರ್ಚಿಗೆ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಜೊತೆ ಹೋಲಿಸಿ ನೋಡಿ. 1834ರಲ್ಲಿ ಬಂದ ಅವರು ನೇಯ್ಗೆ, ಪ್ರೆಸ್ಸು, 1865ರಲ್ಲಿ ಹೆಂಚಿನ ಕಾರ್ಖಾನೆ ಅಂತ ಕಟ್ಟಬೇಕಾಗಿ ಬಂತು, ಯಾಕಂದ್ರೆ ಇಲ್ಲಿ ಒಬ್ಬ ಕ್ರೈಸ್ತನಾದ ಅಂದ್ರೆ ಜಾತಿಯಿಂದ ಹೊರಗೆ, ಕುಲಕಸುಬು ಹೋಯ್ತು, ಗೇಣಿ ಭೂಮಿ ಹೋಯ್ತು, ಅವನ ಹೊಟ್ಟೆಗೆ ಮಿಷನ್ನೇ ದಾರಿ ಮಾಡಬೇಕು. ಮಿಜೋ ಬೆಟ್ಟದಲ್ಲಿ ಜಾತಿ ಇರಲಿಲ್ಲ. ಲಾಲ್ ಓಡಿಸಿದ್ರೆ ಪಕ್ಕದ ಊರಿಗೆ ಹೋದ, ಅಲ್ಲೂ ಕಾಡು ಕಡಿದು ಜುಮ್ ಬೇಸಾಯ ಮಾಡಿದ, ಅವನ ಅನ್ನ ಅವನೇ ಬೆಳೆದ, ಮಿಷನ್ ಮುಂದೆ ಕೈ ಚಾಚೋ ಪರಿಸ್ಥಿತಿ ಬರಲಿಲ್ಲ. ಮಂಗಳೂರಲ್ಲಿ ಚರ್ಚು ಜನಕ್ಕೆ ಕೆಲಸ ಕೊಟ್ಟು ಬೆಳೀತು, ಐಜಾಲಲ್ಲಿ ಜನ ಚರ್ಚಿಗೆ ಅಕ್ಕಿ ಕೊಟ್ಟು ಬೆಳೆಸಿದ್ರು.

ಸಿಎಸ್ಐಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ರಿ. ಪ್ರೆಸ್ಬಿಟೇರಿಯನ್ ಅಂದ್ರೆ ಬಿಷಪ್ ಇಲ್ಲದ ಚರ್ಚು. ಜಾನ್ ಕ್ಯಾಲ್ವಿನ್ ಜಿನೀವಾದಲ್ಲಿ ಹಾಕಿದ ದಾರಿ, ಜಾನ್ ನಾಕ್ಸ್ 1560ರಲ್ಲಿ ಸ್ಕಾಟ್ಲೆಂಡ್‌ಗೆ ತಂದಿದ್ದು. ಅಧಿಕಾರ ಒಬ್ಬನ ಕೈಲಿರಲ್ಲ, ಹಿರಿಯರ ಸಭೆಗಳ ಕೈಲಿರುತ್ತೆ. ಮಿಜೋರಾಂನಲ್ಲಿ ನೋಡಿದ್ರೆ, ಒಂದೊಂದು ಬಡಾವಣೆಗೆ ವೆಂಗ್ ಅಂತಾರೆ, ಒಂದೊಂದು ವೆಂಗ್‌ಗೂ ಒಂದು ಸ್ಥಳೀಯ ಸಭೆ, ಅದೇ ಕೊಹ್ರಾನ್. ಅದನ್ನ ನಡೆಸೋರು ಉಪಾಗಳು, ಅಂದ್ರೆ ಹಿರಿಯರು, ಸದಸ್ಯರೇ ವೋಟ್ ಹಾಕಿ ಆರಿಸಿದ ಮೇಷ್ಟ್ರು, ರೈತ, ಗುಮಾಸ್ತ. ಹಲವು ಕೊಹ್ರಾನ್ ಸೇರಿ ಒಂದು ಬಿಯಾಲ್, ಅದಕ್ಕೆಲ್ಲಾ ಸೇರಿ ಒಬ್ಬ ಪಾಸ್ಟರ್, ಹಾಗಾಗಿ ಎಷ್ಟೋ ಭಾನುವಾರ ಪಾಸ್ಟರ್ ಬೇರೆ ಊರಲ್ಲಿರ್ತಾರೆ, ಬೋಧನೆ ಮಾಡೋರು ಉಪಾಗಳೇ. ಅದರ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಮಿಜೋರಾಂ ಸಿನೊಡ್, ಎಲ್ಲಾ ಸಿನೊಡ್‌ಗಳ ಮೇಲೆ ಶಿಲ್ಲಾಂಗ್‌ನ ಜನರಲ್ ಅಸೆಂಬ್ಲಿ. ಪಾಸ್ಟರ್ ಸಂಬಳ, ವರ್ಗಾವಣೆ ಎರಡೂ ಸಿನೊಡ್‌ದೇ. ಐಜಾಲ್‌ನ ಶ್ರೀಮಂತ ವೆಂಗ್ ಕೊಟ್ಟ ದುಡ್ಡೂ ಗಡಿ ಹಳ್ಳಿ ಕೊಟ್ಟ ಅಕ್ಕಿನೂ ಒಂದೇ ಗಲ್ಲಾಕ್ಕೆ ಬೀಳುತ್ತೆ, ಬಡ ಊರಿಗೆ ಪಾಸ್ಟರ್ ಸಿಗಲ್ಲ ಅನ್ನೋ ಮಾತಿಲ್ಲ. ಮೊದಲ ಮಿಜೋ ಪಾಸ್ಟರ್ ಛುವಾಖಾಮ, 1913ರಲ್ಲೇ ದೀಕ್ಷೆ ಆಗಿತ್ತು. ಅದಕ್ಕೇ 1960ರ ದಶಕದ ಕೊನೆಗೆ ವಿದೇಶಿ ಮಿಷನರಿಗಳು ಜಾಗ ಬಿಟ್ಟು ಹೋಗಬೇಕಾಗಿ ಬಂದಾಗ, ಅದೂ ಪ್ರತ್ಯೇಕ ದೇಶ ಬೇಕು ಅಂತ ಮಿಜೋ ನ್ಯಾಷನಲ್ ಫ್ರಂಟ್ (ಎಂಎನ್ಎಫ್) 1966ರಲ್ಲಿ ಎದ್ದ ಬಂಡಾಯ, ಐಜಾಲ್ ಮೇಲೆ ವಿಮಾನದಾಳಿ, ಊರುಗಳನ್ನೇ ಎತ್ತಂಗಡಿ ಮಾಡಿದ ಕಾಲದಲ್ಲಿ, ಚರ್ಚು ಕುಸೀಲಿಲ್ಲ. 1986ರ ಶಾಂತಿ ಒಪ್ಪಂದದ ತನಕ ಎರಡೂ ಕಡೆ ಮಾತಾಡಿಸ್ತಾ ಓಡಾಡಿದವರಲ್ಲಿ ಪಾಸ್ಟರ್‌ಗಳೂ ಇದ್ರು.

ನಮ್ಮ ಕಡೆ ಕಥೆ ಬೇರೆ. ಬೆಂಗಳೂರಿನ ಕಬ್ಬನ್ ರಸ್ತೇಲಿ ಕೆಂಪು ಬಣ್ಣದ ಗಡಿಯಾರ ಗೋಪುರದ ಸೇಂಟ್ ಆಂಡ್ರೂಸ್ ಚರ್ಚ್ ನೋಡಿರ್ತೀರಿ, 1864ರಲ್ಲಿ ಅಡಿಗಲ್ಲು ಹಾಕಿ 1866ರಲ್ಲಿ ತೆರೆದಿದ್ದು. ಅದು ಹುಟ್ಟಿದ್ದು ಪಕ್ಕಾ ಸ್ಕಾಟಿಷ್ ಪ್ರೆಸ್ಬಿಟೇರಿಯನ್ ಚರ್ಚಾಗಿ, ಆದ್ರೆ ದಂಡಿನ ಸ್ಕಾಟಿಷ್ ಜನಕ್ಕೋಸ್ಕರ. 1908ರಲ್ಲಿ ದಕ್ಷಿಣದ ಪ್ರೆಸ್ಬಿಟೇರಿಯನ್ನರು ಕಾಂಗ್ರಿಗೇಷನಲ್‌ನವರ ಜೊತೆ ಸೇರಿ ಒಂದಾದ್ರು, 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಆಂಗ್ಲಿಕನ್, ಮೆಥಡಿಸ್ಟ್‌ನವರೂ ಕೂಡ್ಕೊಂಡು ಸಿಎಸ್ಐ ಆಯ್ತು, ಸೇಂಟ್ ಆಂಡ್ರೂಸ್ ಕೂಡ ಆಮೇಲೆ ಅದರೊಳಗೇ ಬಂತು. ಸಿಎಸ್ಐನಲ್ಲಿ ಬಿಷಪ್ ಇದಾರೆ, ಹಿರಿಯರ ಕಮಿಟಿಗಳೂ ಇವೆ, ಎರಡೂ ಬೆರೆಸಿದ ವ್ಯವಸ್ಥೆ. ಈಶಾನ್ಯದವರು ಆ ಕೂಟಕ್ಕೆ ಸೇರದೆ ಪ್ರೆಸ್ಬಿಟೇರಿಯನ್ ಆಗೇ ಉಳಿದ್ರು.

ಅಲ್ಲಿ ಚರ್ಚು ಅಂದ್ರೆ ಭಾನುವಾರಕ್ಕೆ ಮುಗಿಯಲ್ಲ. ಸೋಮವಾರ ರಾತ್ರಿ ಯುವಜನರ ಸಂಘ, 1924ರಲ್ಲಿ ಶುರುವಾಗಿದ್ದು, ಮಂಗಳವಾರ ರಾತ್ರಿ ಹೆಂಗಸರದ್ದು, ಬುಧವಾರ, ಶನಿವಾರ ಪ್ರಾರ್ಥನೆ. ಭಾನುವಾರ ಸಂಡೇ ಸ್ಕೂಲ್‌ಗೆ ಮಕ್ಕಳಲ್ಲದೆ ಅಜ್ಜ ಅಜ್ಜಿಯರೂ ಹೋಗ್ತಾರೆ, ವರ್ಷಕ್ಕೊಮ್ಮೆ ಪರೀಕ್ಷೆನೂ ಬರೀತಾರೆ. 2011ರ ಗಣತೀಲಿ ಅಲ್ಲಿ ಸಾಕ್ಷರತೆ ನೂರಕ್ಕೆ 91 ದಾಟಿತ್ತು, ರಾಜ್ಯಗಳಲ್ಲಿ ಕೇರಳ ಬಿಟ್ರೆ ಇವರೇ, ಅದಕ್ಕೆ ಈ ಸಂಡೇ ಸ್ಕೂಲ್‌ದೂ ಪಾಲಿದೆ. ರಾಜಕೀಯದಲ್ಲೂ ಚರ್ಚಿನ ಮಾತು ನಡೆಯುತ್ತೆ, 2023ರ ವಿಧಾನಸಭೆ ಚುನಾವಣೆಯ ಎಣಿಕೆ ಡಿಸೆಂಬರ್ 3ರ ಭಾನುವಾರ ಬಿದ್ದಿತ್ತು, ಅಲ್ಲಿನ ಎಲ್ಲಾ ಕಡೆಯಿಂದ ಒತ್ತಾಯ ಬಂದು ಆಯೋಗ ಮಿಜೋರಾಂಗೆ ಮಾತ್ರ ಸೋಮವಾರಕ್ಕೆ ಹಾಕ್ತು. ಇಷ್ಟು ಹಿಡಿತ ಒಳ್ಳೇದಾ ಅಂತ ಅಲ್ಲಿನ ಹುಡುಗರೇ ಕೇಳ್ತಾರೆ, ಪಾನನಿಷೇಧದ ಮೇಲಂತೂ ಜಗಳ ಮುಗಿದೇ ಇಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ. 1910ರಿಂದ ಅಕ್ಕಿ ಎತ್ತಿದ್ದು, ಹೊತ್ತಿದ್ದು, ತೂಗಿದ್ದು, ಮಾರಿದ್ದು ಎಲ್ಲಾ ಹೆಂಗಸರು, ಆದ್ರೆ ಆ ದುಡ್ಡು ಯಾವುದಕ್ಕೆ ಅಂತ ತೀರ್ಮಾನ ಮಾಡೋ ಸಭೆಗಳಲ್ಲಿ ಬಹುಕಾಲ ಕೂತಿದ್ದು ಗಂಡಸರು, ದೇವಶಾಸ್ತ್ರ ಓದಿ ಡಿಗ್ರಿ ತಗೊಂಡ ಮಿಜೋ ಹೆಣ್ಮಕ್ಕಳು ಇದ್ರೂ ಪಾಸ್ಟರ್ ಪಟ್ಟದ ವಿಷಯ ಬಂದಾಗ ಸಿನೊಡ್ ದಶಕಗಟ್ಟಲೆ ಬೇಡ ಅಂತಾನೇ ಬಂತು. ನಿಮ್ಮ ರೂಮ್‌ಮೇಟ್ ಹತ್ರ ಇದನ್ನ ಕೇಳಿ ನೋಡಿ, ಖಂಡಿತ ಅಭಿಪ್ರಾಯ ಇರುತ್ತೆ.

ಇನ್ನು ಹೋಗಬಹುದಾ ಅಂದ್ರಲ್ಲ, ಧಾರಾಳವಾಗಿ ಹೋಗಿ, ಬೇರೆ ಧರ್ಮದವರು ಬಂದು ಕೂತ್ರೆ ಯಾರೂ ಏನೂ ಅನ್ನಲ್ಲ. ಪೂರ್ತಿ ಮಿಜೋ ಭಾಷೇಲೇ ನಡೆಯುತ್ತೆ, ಬೋಧನೆ ಒಂದಕ್ಷರ ಅರ್ಥ ಆಗಲ್ಲ, ಪಕ್ಕದಲ್ಲಿ ಕೂತು ಅವಳು ಪಿಸುಗುಟ್ಟಬೇಕು ಅಷ್ಟೇ. ಕಾಣಿಕೆ ಚೀಲ ಬಂದಾಗ ಹಾಕಲೇಬೇಕು ಅಂತೇನಿಲ್ಲ. ಬಟ್ಟೆ ಮಾತ್ರ ಸ್ವಲ್ಪ ನೀಟಾಗಿ ಹಾಕ್ಕೊಂಡು ಹೋಗಿ, ಮಿಜೋಗಳು ಚರ್ಚಿಗೆ ತುಂಬಾ ಅಚ್ಚುಕಟ್ಟಾಗಿ ಬರ್ತಾರೆ, ಹೆಂಗಸರು ಪುಆನ್ ಅನ್ನೋ ಮಿಜೋ ಬಟ್ಟೆ ಸೊಂಟಕ್ಕೆ ಸುತ್ಕೊಂಡಿರ್ತಾರೆ. ಸ್ವಲ್ಪ ಮುಂಚೇನೇ ಹೋಗಿ ಕೂತ್ಕೊಳ್ಳಿ, ಡೋಲಿನ ಜೊತೆ ಹಾಡು ಶುರುವಾಗೋದನ್ನ ತಪ್ಪಿಸ್ಕೋಬೇಡಿ.